ಗುರುವಾರವೇ ಬರೆದಿಟ್ಟ ಭಾನುವಾರದ ಆಟ

"ಹೊಸದಾಗಿ ಟೀಮ್ ಲೀಡ್ ಆಗಿದ್ದೇನೆ. ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳಿಂದ ಕಲಿಯಿರಿ ಅಂತ ಟ್ರೈನಿಂಗಿನಲ್ಲಿ ಹೇಳಿದರು. ನಿಜವಾಗಿ ಕಲಿಯೋದು ಏನಾದರೂ ಇದೆಯಾ, ಇಲ್ಲ ಬರೀ ಬಿಲ್ಡಪ್ಪಾ?" ಅಂತ ಕೇಳಿದ್ದೀರಿ.

ಬಿಲ್ಡಪ್ ಜಾಸ್ತಿಯೇ ಇದೆ. ಆದರೂ ಕಲಿಯೋದು ಇದೆ.

ನಾನು ಕೆಲವು ವರ್ಷ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾದಲ್ಲಿ ಕೆಲಸ ಮಾಡಿದೆ. ಸ್ಯಾನ್ ಫ್ರಾನ್ಸಿಸ್ಕೊದ ಫಾರ್ಟಿನೈನರ್ಸ್ ತಂಡದ ಸ್ಟೇಡಿಯಂ ಇರುವುದು ಅಲ್ಲೇ. ಮೊದಮೊದಲು ಆ ಆಟ ಕಬಡ್ಡಿಗೆ ಹೆಲ್ಮೆಟ್ ಹಾಕಿದ ಹಾಗೆ ಕಾಣುತ್ತಿತ್ತು. ಐದಾರು ಸೆಕೆಂಡ್ ಗುದ್ದಾಟ, ಆಮೇಲೆ ಅರ್ಧ ನಿಮಿಷ ಸುಮ್ನೆ ನಿಲ್ಲೋದು. ಆ ನಿಲ್ಲುವುದರಲ್ಲೇ ಆಟ ಇದೆ ಅಂತ ಗೊತ್ತಾಗಲು ಎರಡು ಸೀಸನ್ ಬೇಕಾಯಿತು. ಪ್ರತಿ ಸಲವೂ 11 ಜನರಿಗೆ ಬೇರೆ ಬೇರೆ ಕೆಲಸ. ಒಬ್ಬ ಮರೆತರೆ ಉಳಿದ ಹತ್ತು ಜನರ ಬೆವರು ನೀರುಪಾಲು.

ಅಲ್ಲಿನ ಹಳಬರು ಈಗಲೂ ಬಿಲ್ ವಾಲ್ಶ್ ಹೆಸರು ಹೇಳುತ್ತಾರೆ. 1979ರಲ್ಲಿ ಅವರು ಕೋಚ್ ಆಗಿ ಬಂದಾಗ ತಂಡ ಹಿಂದಿನ ವರ್ಷ 16 ಪಂದ್ಯಗಳಲ್ಲಿ 2 ಗೆದ್ದಿತ್ತು. ಅವರು ಬಂದ ವರ್ಷ ಎಷ್ಟು ಗೆದ್ದಿತು ಗೊತ್ತಾ? ಮತ್ತೆ 2. ಅದರ ಮುಂದಿನ ವರ್ಷ 6. ನಮ್ಮ ಕಂಪನಿಗಳಲ್ಲಾಗಿದ್ದರೆ ಅಷ್ಟರಲ್ಲಿ ಮೂರು ಸಲ ರೀಆರ್ಗ್ ಆಗಿರುತ್ತಿತ್ತು. ಮೂರನೇ ವರ್ಷ 13 ಗೆದ್ದರು, 1982ರ ಜನವರಿಯಲ್ಲಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್ ಕೂಡ.

ಸೋಲುತ್ತಿದ್ದ ಆ ಎರಡು ವರ್ಷ ವಾಲ್ಶ್ ಹಿಡಿದು ಕೂತಿದ್ದು ಸಣ್ಣ ಸಣ್ಣ ಕೆಲಸಗಳನ್ನು. ಆಫೀಸಿನಲ್ಲಿ ಫೋನ್ ಎತ್ತಿದವರು ಹೇಗೆ ಮಾತಾಡಬೇಕು, ಪ್ರಾಕ್ಟೀಸಿನಲ್ಲಿ ಅಂಗಿ ಒಳಗೆ ಸಿಕ್ಕಿಸಿರಬೇಕು, ಚೆಂಡು ಹಿಡಿಯುವವನು ಎಷ್ಟನೇ ಹೆಜ್ಜೆಗೆ ತಿರುಗಬೇಕು. ಇವು ಸರಿಯಾದರೆ ಗೆಲುವು ತಾನಾಗಿ ಬರುತ್ತದೆ ಅನ್ನುವುದು ಅವರ ಲೆಕ್ಕ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅವರ ಇನ್ನೊಂದು ಅಭ್ಯಾಸ. ಪಂದ್ಯದ ಮೊದಲ 25 ದಾಳಿಗಳನ್ನು ಅವರು ಮುಂಚೆಯೇ ಪಟ್ಟಿ ಮಾಡಿ ಇಡುತ್ತಿದ್ದರು. ಕಾರಣ ಸರಳ. ಗುರುವಾರ ಶಾಂತವಾಗಿ ಕೂತಾಗ ಓಡುವ ತಲೆ, ಭಾನುವಾರ ಸಾವಿರಾರು ಜನ ಕಿರುಚುವಾಗ ಓಡುವುದಿಲ್ಲ. ಪಟ್ಟಿಯನ್ನು ಕಣ್ಣುಮುಚ್ಚಿ ಪಾಲಿಸುತ್ತಿರಲಿಲ್ಲ, ಬೇಕಾದಾಗ ಬದಲಿಸುತ್ತಿದ್ದರು.

ನಾನು ಲೀಡ್ ಆದ ಹೊಸದರಲ್ಲಿ ಒಂದು ಸಾಫ್ಟ್‌ವೇರ್ ರಿಲೀಸ್ ರಾತ್ರಿ ಎರಡು ಗಂಟೆಗೆ ಕೆಟ್ಟಿತು. ಹಿಂದಕ್ಕೆ ತಗೊಳ್ಳೋಣವಾ, ಸರಿ ಮಾಡೋಣವಾ ಅಂತ ಆರು ಜನ ಒಂದೂವರೆ ಗಂಟೆ ಜಗಳ ಆಡಿದೆವು. ತಪ್ಪು ಪೂರ್ತಿ ನನ್ನದೇ. ಆಮೇಲಿಂದ ಪ್ರತಿ ರಿಲೀಸಿನ ಹಿಂದಿನ ಮಧ್ಯಾಹ್ನ, ಕಾಫಿ ಕುಡಿಯುತ್ತಾ, ಒಂದು ಹಾಳೆಯಲ್ಲಿ ಬರೆದಿಡುತ್ತೇವೆ: ಏನು ಕೆಟ್ಟರೆ ಯಾರು ಏನು ಮಾಡಬೇಕು, ಎಷ್ಟು ನಿಮಿಷ ಕಾಯಬೇಕು. ಬಹಳ ಸಲ ಆ ಹಾಳೆ ಹಾಗೇ ಕಸದ ಬುಟ್ಟಿಗೆ ಹೋಗುತ್ತದೆ. ಹೋಗಲಿ.

ಆಗ ಪೇಟ್ರಿಯಟ್ಸ್ ತಂಡದ ಕೋಚ್ ಆಗಿದ್ದ ಬಿಲ್ ಬೆಲಿಚಿಕ್ ಅವರದ್ದೂ ಒಂದು ಘಟನೆ ಹೇಳಬೇಕು. 2015ರ ಫೆಬ್ರವರಿ 1ರ ಸೂಪರ್ ಬೌಲ್. ಪೇಟ್ರಿಯಟ್ಸ್ 28-24ರಲ್ಲಿ ಮುಂದಿದೆ. ಎದುರಾಳಿ ಸೀಹಾಕ್ಸ್‌ಗೆ ಗೆಲ್ಲಲು ಒಂದು ಗಜ ಬಾಕಿ, ಸಮಯ ಅರ್ಧ ನಿಮಿಷವೂ ಇಲ್ಲ. ಆಗ ಅವರು ಎಸೆದ ಚೆಂಡಿಗೆ ಅಡ್ಡ ನುಗ್ಗಿ ಹಿಡಿದವನು ಮಾಲ್ಕಮ್ ಬಟ್ಲರ್. ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹೊಸ ಹುಡುಗ. ಆ ಮಟ್ಟದಲ್ಲಿ ಅವನು ಹಾಗೆ ಚೆಂಡು ಕಸಿದದ್ದು ಅದೇ ಮೊದಲು. ಅದೃಷ್ಟ ಅನ್ನಿಸುತ್ತದೆ ಅಲ್ವಾ? ಆದರೆ ಆ ಪಂದ್ಯಕ್ಕೆ ಮುಂಚೆ ಪ್ರಾಕ್ಟೀಸಿನಲ್ಲಿ ಅದೇ ದಾಳಿಯನ್ನು ಅವನ ಮೇಲೆ ಮಾಡಿಸಿದ್ದರು. ಅಲ್ಲಿ ಅವನು ಸೋತಿದ್ದ, ಕೋಚ್‌ಗಳು ತಿದ್ದಿದ್ದರು. ಆಟಗಾರರು ನಿಂತ ರೀತಿ ನೋಡಿಯೇ ಅವನಿಗೆ ಗುರುತು ಸಿಕ್ಕಿತು. ಸೀಹಾಕ್ಸ್ ಎಸೆಯುವ ಬದಲು ಚೆಂಡು ಹೊತ್ತು ನುಗ್ಗಬೇಕಿತ್ತು ಅಂತ ಜನ ಇವತ್ತಿಗೂ ಬೈಯುತ್ತಾರೆ. ಬಟ್ಲರ್ ಪ್ರಾಕ್ಟೀಸಿನ ಬಗ್ಗೆ ಕಡಿಮೆ ಮಾತು.

ನಮ್ಮಲ್ಲಿ ಹೊಸಬರಿಗೆ ತಪ್ಪು ಮಾಡಲು ಜಾಗವೇ ಕೊಡುವುದಿಲ್ಲ. ಅವರ ಮೊದಲ ತಪ್ಪು ಗ್ರಾಹಕರ ಎದುರೇ ಆಗುತ್ತದೆ.

ಎಲ್ಲವನ್ನೂ ನಕಲು ಮಾಡಬೇಡಿ. ಅಲ್ಲಿ ಆಗಸ್ಟ್ ಕೊನೆಗೆ ತಂಡದ 90 ಜನರನ್ನು 53ಕ್ಕೆ ಇಳಿಸುತ್ತಾರೆ. ಆ ಭಯದ ಮೇಲೆ ನಡೆಯುವ ಶಿಸ್ತು ನಿಮ್ಮ ಆಫೀಸಿನಲ್ಲಿ ನಡೆಯಲ್ಲ, ಜನ ಬಿಟ್ಟು ಹೋಗುತ್ತಾರೆ. ವಾಲ್ಶ್ ಅವರೇ ಒತ್ತಡದಲ್ಲಿ ಬಳಲಿ, 1989ರ ಜನವರಿಯಲ್ಲಿ ಮೂರನೇ ಸೂಪರ್ ಬೌಲ್ ಗೆದ್ದ ಮೇಲೆ ಆ ಹುದ್ದೆ ಬಿಟ್ಟರು.

ಆದರೆ ಅವರು ಯಾವಾಗಲೂ ಮುಖ ಗಂಟು ಹಾಕಿಕೊಂಡಿದ್ದವರಲ್ಲ. 1982ರ ಫೈನಲ್‌ಗೆ ತಂಡದ ಬಸ್ ಡೆಟ್ರಾಯಿಟ್ ಹತ್ತಿರದ ಹೋಟೆಲಿಗೆ ಬಂದಾಗ ವಾಲ್ಶ್ ಹೋಟೆಲ್ ಕೂಲಿಯ ಯೂನಿಫಾರ್ಮ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಇಳಿದವರ ಬ್ಯಾಗಿಗೆಲ್ಲ ಕೈ ಹಾಕಿದರು. ಯಾರೋ ಟಿಪ್ಸ್‌ಗೆ ಬಂದವನು ಅಂದುಕೊಂಡ ತಂಡದ ಆಟಗಾರ ಜೋ ಮೊಂಟಾನಾ ಬ್ಯಾಗ್ ಬಿಡದೆ ಅವರ ಜೊತೆ ಎಳೆದಾಡಿದ್ದನಂತೆ.