ಕಂಪೈಲ್ ಆಗುತ್ತದೆ, ಓಡಿಸಿದರೆ ನೋಸಚ್‌ಮೆಥಡ್‌ಎರರ್: ಮೇವನ್‌ನಲ್ಲಿ ಗ್ವಾವಾ ವರ್ಷನ್ ಜಗಳ ಬಿಡಿಸುವುದು ಹೇಗೆ?

ನಿಮ್ಮ ಸಮಸ್ಯೆ ನನಗೆ ಅರ್ಥವಾದ ಮಟ್ಟಿಗೆ ಇಷ್ಟು: ಮೇವನ್ (ಜಾವಾ ಬಿಲ್ಡ್ ಸಾಧನ) ಪ್ರಾಜೆಕ್ಟ್ ಕಂಪೈಲ್ ಆಗುತ್ತದೆ, ಟೆಸ್ಟ್‌ಗಳೂ ಪಾಸಾಗುತ್ತವೆ. ಸರ್ವರ್‌ಗೆ ಹಾಕಿದ ಮೇಲೆ ಮಾತ್ರ ಗೂಗಲ್‌ನ ಜಾವಾ ಲೈಬ್ರರಿ ಗ್ವಾವಾದ ಪ್ರೀಕಂಡಿಷನ್ಸ್ ಕ್ಲಾಸ್‌ನಲ್ಲಿ ಚೆಕ್‌ಆರ್ಗ್ಯುಮೆಂಟ್ ಇಲ್ಲ ಎಂದು ನೋಸಚ್‌ಮೆಥಡ್‌ಎರರ್ ಬರುತ್ತದೆ. ಸಿಕ್ಕಸಿಕ್ಕಲ್ಲೆಲ್ಲ ಗ್ವಾವಾಕ್ಕೆ ಎಕ್ಸ್‌ಕ್ಲೂಷನ್ (ಈ ಲೈಬ್ರರಿಯನ್ನು ತರಬೇಡ ಎಂಬ ಸೂಚನೆ) ಹಾಕಿದಿರಿ, ಈಗ ನೋಕ್ಲಾಸ್‌ಡೆಫ್‌ಫೌಂಡ್‌ಎರರ್.

ಆ ಎಕ್ಸ್‌ಕ್ಲೂಷನ್‌ಗಳನ್ನೆಲ್ಲ ಮೊದಲು ತೆಗೆದುಬಿಡಿ. ಎಲ್ಲ ದಾರಿಯನ್ನೂ ಮುಚ್ಚಿದರೆ ಗ್ವಾವಾದ ಜಾರ್ (ಲೈಬ್ರರಿಯ ಫೈಲ್) ಒಳಗೆ ಬರುವುದೇ ಇಲ್ಲ, ಎರಡನೇ ಎರರ್ ಬಂದದ್ದು ಅದಕ್ಕೇ. ಬೇಕಾಗಿರುವುದು ಗ್ವಾವಾವನ್ನು ಹೊರಹಾಕುವುದಲ್ಲ, ಯಾವ ವರ್ಷನ್ ಎಂಬುದನ್ನು ಒಂದೇ ಜಾಗದಲ್ಲಿ ನೀವೇ ನಿರ್ಧರಿಸುವುದು.

ಎರರ್‌ನ ಸಾಲನ್ನೇ ಒಮ್ಮೆ ಸರಿಯಾಗಿ ಓದಿ. ಮೆಥಡ್ ಹೆಸರಿನ ಮುಂದಿನ ಕಂಸದಲ್ಲಿ ಮೊದಲು ಝಡ್ ಅಕ್ಷರ, ಅಂದರೆ ಬೂಲಿಯನ್. ನಂತರ ಒಂದು ಸ್ಟ್ರಿಂಗ್, ನಂತರ ಒಂದೇ ಒಂದು ಆಬ್ಜೆಕ್ಟ್. ಗ್ವಾವಾ 19ರವರೆಗೆ ಈ ರೂಪದ ಚೆಕ್‌ಆರ್ಗ್ಯುಮೆಂಟ್ ಇರಲಿಲ್ಲ. ಸ್ಟ್ರಿಂಗ್‌ನ ನಂತರ ಆಬ್ಜೆಕ್ಟ್ ಅರೇ ತೆಗೆದುಕೊಳ್ಳುವ ವಾರ್‌ಆರ್ಗ್ಸ್ ರೂಪ ಮಾತ್ರ ಇತ್ತು. ಪ್ರತಿ ಕರೆಗೂ ಅರೇ ಕಟ್ಟುವ ಖರ್ಚು ಉಳಿಸಲು 20ರಲ್ಲಿ ಒಂಟಿ ಆಬ್ಜೆಕ್ಟ್‌ನ ರೂಪ ಸೇರಿತು. ಸೋರ್ಸ್‌ನಲ್ಲಿ ಎರಡೂ ಕರೆಗಳು ಒಂದೇ ಥರ ಕಾಣುತ್ತವೆ, ಬೈಟ್‌ಕೋಡ್‌ನಲ್ಲಿ ಬೇರೆ ಬೇರೆ. ಅಂದರೆ ನಿಮ್ಮ ಯಾವುದೋ ಲೈಬ್ರರಿ 20 ಅಥವಾ ಅದಕ್ಕಿಂತ ಹೊಸ ಗ್ವಾವಾದೊಂದಿಗೆ ಕಂಪೈಲ್ ಆಗಿದೆ, ಓಡುವಾಗ ಅದಕ್ಕೆ ಹಳೆಯದು ಸಿಗುತ್ತಿದೆ. ದೊಡ್ಡ ಡೇಟಾ ಸಂಸ್ಕರಿಸುವ ಹಡೂಪ್‌ನ 3.2.1ರ ಮೇಲೆ ಹೈವ್ 3.1.2 ಓಡಿಸುವವರಿಗೆ ಇದೇ ಸಾಲು ಚಿರಪರಿಚಿತ: ಹೈವ್‌ನ ಲಿಬ್ ಫೋಲ್ಡರ್‌ನಲ್ಲಿ ಗ್ವಾವಾ 19, ಹಡೂಪ್‌ನಲ್ಲಿ 27.

ಕಂಪೈಲ್ ಹೇಗೆ ಆಯಿತು ಅಂದರೆ, ಜಾವಾಕ್ (ಜಾವಾ ಕಂಪೈಲರ್) ನೋಡುವುದು ನಿಮ್ಮ ಕೋಡನ್ನು ಮಾತ್ರ. ಆಗಲೇ ಕಂಪೈಲ್ ಆಗಿ ಬಂದ ಜಾರ್‌ಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಅದು ಪರೀಕ್ಷಿಸುವುದಿಲ್ಲ. ಜೆವಿಎಂ (ಕಂಪೈಲ್ ಆದ ಜಾವಾ ಕೋಡನ್ನು ಓಡಿಸುವ ಯಂತ್ರಾಂಶ) ಆ ಕರೆಯನ್ನು ಹುಡುಕುವುದು ಆ ಸಾಲು ಮೊದಲ ಸಲ ಓಡಿದಾಗ. ನಿಮ್ಮ ಟೆಸ್ಟ್‌ಗಳು ಆ ದಾರಿಯಲ್ಲಿ ಹೋಗದಿದ್ದರೆ ಗೊತ್ತಾಗುವುದೇ ಇಲ್ಲ.

ಈಗ ಪತ್ತೆ ಕೆಲಸ. ಸರ್ವರ್‌ನಲ್ಲಿ ಓಡುವ ಜೆವಿಎಂಗೆ ಕ್ಲಾಸ್ ಲೋಡ್ ಲಾಗ್ ಹಾಕಿ: ಜಾವಾ 8ರಲ್ಲಿ ವರ್ಬೋಸ್ ಕ್ಲಾಸ್ ಆಯ್ಕೆ, 9ರಿಂದ ಮುಂದೆ ಎಕ್ಸ್‌ಲಾಗ್‌ನ ಕ್ಲಾಸ್+ಲೋಡ್. ಪ್ರೀಕಂಡಿಷನ್ಸ್ ಯಾವ ಫೈಲ್‌ನಿಂದ ಬಂತು ಎಂಬುದು ಪೂರ್ತಿ ಪಾತ್ ಸಮೇತ ಸಿಗುತ್ತದೆ. ಈ ಹಂತ ಬಿಡಬೇಡಿ. ಆ ಪಾತ್ ನಿಮ್ಮ ಅಪ್ಲಿಕೇಶನ್‌ನದಲ್ಲದೆ ಸರ್ವರ್ ಅಥವಾ ಕ್ಲಸ್ಟರ್‌ನ ಲಿಬ್ ಫೋಲ್ಡರ್‌ನದಾಗಿದ್ದರೆ ಪೋಮ್‌ನಲ್ಲಿ (ಮೇವನ್ ಪ್ರಾಜೆಕ್ಟ್‌ನ ಸೆಟ್ಟಿಂಗ್ ಫೈಲ್) ಏನು ತಿದ್ದಿದರೂ ಪ್ರಯೋಜನವಿಲ್ಲ; ನೇರವಾಗಿ ಕೆಳಗೆ ಹೇಳಿರುವ ಶೇಡ್ ಪ್ಲಗಿನ್‌ಗೆ ಹೋಗಿ.

ಪಾತ್ ನಿಮ್ಮದೇ ಆಗಿದ್ದರೆ ಡಿಪೆಂಡೆನ್ಸಿ ಪ್ಲಗಿನ್‌ನ ಟ್ರೀ ಗೋಲನ್ನು ವರ್ಬೋಸ್ ಇಟ್ಟು, ಇನ್‌ಕ್ಲೂಡ್ಸ್‌ನಲ್ಲಿ ಗ್ವಾವಾದ ಗ್ರೂಪ್ ಐಡಿ ಕೊಟ್ಟು ಓಡಿಸಿ. ವರ್ಬೋಸ್ ಇಲ್ಲದಿದ್ದರೆ ಗೆದ್ದ ವರ್ಷನ್ ಮಾತ್ರ ಕಾಣುತ್ತದೆ. ಇದ್ದರೆ ಕೈಬಿಟ್ಟವೂ, ಯಾವುದರ ಎದುರು ಸೋತವು ಎಂಬುದೂ ಕಾಣುತ್ತದೆ. ಮೇವನ್‌ನ ನಿಯಮದಲ್ಲಿ ಗೆಲ್ಲುವುದು ಹೊಸದಲ್ಲ, ಹತ್ತಿರದ್ದು. ನಿಮ್ಮ ಪೋಮ್‌ನಿಂದ ಎರಡನೇ ಮೆಟ್ಟಿಲಲ್ಲಿ ಗ್ವಾವಾ 19, ಮೂರನೆಯದರಲ್ಲಿ 27 ಇದ್ದರೆ 19 ಗೆಲ್ಲುತ್ತದೆ. ಮೆಟ್ಟಿಲು ಒಂದೇ ಆದರೆ ಪೋಮ್‌ನಲ್ಲಿ ಮೊದಲು ಬರೆದದ್ದು. ಹೀಗಾಗಿ ಎರಡು ಡಿಪೆಂಡೆನ್ಸಿಗಳ ಸಾಲು ಅದಲುಬದಲಾದರೂ ಬಿಲ್ಡ್‌ನ ಫಲಿತಾಂಶ ಬದಲಾಗಬಹುದು, ಅಕ್ಷರಕ್ರಮದಲ್ಲಿ ಜೋಡಿಸಲು ಹೊರಟವರು ಇದನ್ನು ನೆನಪಿಡಿ. ಗ್ರೇಡಲ್ ಹಾಗಲ್ಲ, ಅದು ತಾನಾಗಿ ಅತಿ ಹೆಚ್ಚಿನ ವರ್ಷನ್ ಆರಿಸುತ್ತದೆ.

ಪರಿಹಾರ: ಪೇರೆಂಟ್ ಪೋಮ್‌ನ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಗ್ವಾವಾ ವರ್ಷನ್ ಬರೆಯಿರಿ. ಎಷ್ಟು ಮೆಟ್ಟಿಲು ಕೆಳಗಿನಿಂದ ಬಂದರೂ ಅದೇ ವರ್ಷನ್ ಜಾರಿಯಾಗುತ್ತದೆ. ಚೈಲ್ಡ್ ಮಾಡ್ಯೂಲ್‌ಗಳಲ್ಲಿ ನೇರವಾಗಿ ಬರೆದ ವರ್ಷನ್ ಇದನ್ನು ಮೀರುತ್ತದೆ, ಅವನ್ನು ಹುಡುಕಿ ಅಳಿಸಿ. ಜಾಕ್ಸನ್, ನೆಟ್ಟಿಯಂತೆ ಹತ್ತಾರು ಜಾರ್‌ಗಳು ಒಂದೇ ವರ್ಷನ್‌ನಲ್ಲಿ ನಡೆಯಬೇಕಾದ ಕುಟುಂಬಗಳಿಗೆ ಒಂದೊಂದನ್ನೇ ಬರೆಯದೆ ಅವುಗಳದೇ ಬಿಓಎಂ (ವರ್ಷನ್‌ಗಳ ಪಟ್ಟಿಯಿರುವ ಪೋಮ್) ತನ್ನಿ; ಟೈಪ್ ಪೋಮ್, ಸ್ಕೋಪ್ ಇಂಪೋರ್ಟ್ ಎರಡೂ ಇರಬೇಕು. ಎರಡು ಬಿಓಎಂಗಳಲ್ಲಿ ಒಂದೇ ಲೈಬ್ರರಿ ಇದ್ದರೆ ಮೊದಲು ಬರೆದ ಬಿಓಎಂನದು ನಡೆಯುತ್ತದೆ. ಸ್ಪ್ರಿಂಗ್ ಬೂಟ್ ಬಳಸುವವರು ಗಮನಿಸಿ: ವರ್ಷನ್ ಪ್ರಾಪರ್ಟಿ ಬದಲಿಸುವ ಉಪಾಯ ಅದನ್ನು ಪೇರೆಂಟ್ ಮಾಡಿಕೊಂಡಾಗ ಮಾತ್ರ ಫಲಿಸುತ್ತದೆ, ಇಂಪೋರ್ಟ್ ಮಾಡಿದಾಗ ಇಲ್ಲ.

ಯಾವ ವರ್ಷನ್ ಹಾಕಬೇಕು? ಟ್ರೀಯಲ್ಲಿ ಕಂಡ ಅತಿ ಹೆಚ್ಚಿನದರಿಂದ ಶುರು ಮಾಡಿ, ಆದರೆ ಕಣ್ಣುಮುಚ್ಚಿ ಅಲ್ಲ. ಆಬ್ಜೆಕ್ಟ್ಸ್ ಕ್ಲಾಸ್‌ನ ಟುಸ್ಟ್ರಿಂಗ್‌ಹೆಲ್ಪರ್ ಅನ್ನು ಗ್ವಾವಾ 21ರಲ್ಲಿ ತೆಗೆದುಹಾಕಿದರು (18ರಿಂದ ಅದರ ಜಾಗ ಮೋರ್‌ಆಬ್ಜೆಕ್ಟ್ಸ್‌ನಲ್ಲಿದೆ). ಗ್ವಾವಾ 11ರ ಕಾಲದ ಲೈಬ್ರರಿಯೊಂದು ಅದನ್ನೇ ಕರೆಯುತ್ತಿದ್ದರೆ 27 ಹಾಕಿದಾಗ ಅದು ಮುರಿಯುತ್ತದೆ. 27ರಿಂದ ಫೇಲ್ಯೂರ್‌ಆಕ್ಸೆಸ್ ಎಂಬ ಪುಟ್ಟ ಜಾರ್ ಕೂಡ ಜೊತೆಗೆ ಬೇಕು. ಗ್ವಾವಾ ಜಾರನ್ನು ಕೈಯಾರೆ ಲಿಬ್ ಫೋಲ್ಡರ್‌ಗೆ ಕಾಪಿ ಮಾಡುವವರು ಮರೆಯುವುದು ಇದನ್ನೇ. ಟ್ರೀಯಲ್ಲಿ ಲಿಸನಬಲ್‌ಫ್ಯೂಚರ್‌ಗೆ 9999.0 ಎಂಬ ವರ್ಷನ್ ಕಂಡರೆ ಗಾಬರಿ ಬೇಡ. ಅದು ಒಂದೇ ಕ್ಲಾಸ್ ಎರಡು ಜಾರ್‌ಗಳಲ್ಲಿ ಬರದಿರಲೆಂದು ಬೇಕೆಂದೇ ಇಟ್ಟ ಖಾಲಿ ಜಾರ್.

ಒಂದು ಲೈಬ್ರರಿಗೆ ಹಳೆಯದೇ ಬೇಕು, ಇನ್ನೊಂದಕ್ಕೆ ಹೊಸದೇ ಬೇಕು, ಎರಡನ್ನೂ ಬಿಡುವ ಹಾಗಿಲ್ಲ ಎಂದಾಗ ಮಾತ್ರ ಶೇಡ್ ಪ್ಲಗಿನ್. ಹಠಮಾರಿ ಲೈಬ್ರರಿಯನ್ನು ಬೇರೆ ಮಾಡ್ಯೂಲ್‌ಗೆ ತಂದು, ಅದರ ಗ್ವಾವಾ ಪ್ಯಾಕೇಜನ್ನು ನಿಮ್ಮ ಪ್ಯಾಕೇಜ್ ಹೆಸರಿನ ಕೆಳಗೆ ರೀಲೊಕೇಟ್ ಮಾಡಿ. ಸರ್ವರ್‌ನ ಗ್ವಾವಾ ಅಡ್ಡ ಬರುತ್ತಿದ್ದರೂ ಇದೇ ದಾರಿ. ಮೆಟಾ-ಇನ್ಫ್ ಸರ್ವಿಸಸ್ ಫೈಲ್‌ಗಳಿದ್ದರೆ ಸರ್ವಿಸಸ್ ರಿಸೋರ್ಸ್ ಟ್ರಾನ್ಸ್‌ಫಾರ್ಮರ್ ಸೇರಿಸಿ, ಇಲ್ಲದಿದ್ದರೆ ಒಂದೇ ಹೆಸರಿನ ಫೈಲ್‌ಗಳಲ್ಲಿ ಒಂದು ಮಾತ್ರ ಉಳಿಯುತ್ತದೆ. ಜಾರ್ ದಪ್ಪವಾಗುತ್ತದೆ, ಸ್ಟ್ಯಾಕ್ ಟ್ರೇಸ್ ಓದುವುದು ಕಷ್ಟವಾಗುತ್ತದೆ, ಒಳಗೆ ಹೂತುಹೋದ ಹಳೆಯ ವರ್ಷನ್‌ನ ಭದ್ರತಾ ದೋಷ ಸ್ಕ್ಯಾನರ್ ಕಣ್ಣಿಗೆ ಬೀಳದೆಯೂ ಹೋಗಬಹುದು. ಅದಕ್ಕೇ ಇದು ನನ್ನ ಕೊನೆಯ ಆಯ್ಕೆ.

ಇದು ಮತ್ತೆ ಬರದಂತೆ ಎನ್‌ಫೋರ್ಸರ್ ಪ್ಲಗಿನ್ ಹಾಕಿ. ನೀವು ಕೊಟ್ಟ ನಿಯಮ ಮುರಿದಿದ್ದರೆ ಅದು ವ್ಯಾಲಿಡೇಟ್ ಹಂತದಲ್ಲೇ, ಕಂಪೈಲ್‌ಗೂ ಮುಂಚೆ, ಬಿಲ್ಡ್ ನಿಲ್ಲಿಸುತ್ತದೆ. ಹಳೆಯ ಪ್ರಾಜೆಕ್ಟ್‌ನಲ್ಲಿ ಡಿಪೆಂಡೆನ್ಸಿ ಕನ್ವರ್ಜೆನ್ಸ್ ನಿಯಮವನ್ನು (ಎಲ್ಲ ದಾರಿಯಲ್ಲೂ ಒಂದೇ ವರ್ಷನ್ ಬರಬೇಕು ಎನ್ನುವುದು) ಮೊದಲ ದಿನವೇ ಹಾಕಿದರೆ ರಾಶಿ ಎರರ್ ಸುರಿದು ತಂಡದವರು ಅದನ್ನೇ ಆಫ್ ಮಾಡುತ್ತಾರೆ. ರಿಕ್ವೈರ್ ಅಪ್ಪರ್ ಬೌಂಡ್ ಡೆಪ್ಸ್‌ನಿಂದ ಶುರು ಮಾಡಿ: ಯಾರೋ ಕೇಳಿದ್ದಕ್ಕಿಂತ ಹಳೆಯ ವರ್ಷನ್ ಆಯ್ಕೆಯಾದಾಗ ಮಾತ್ರ ಅದು ತಡೆಯುತ್ತದೆ, ನಿಮ್ಮ ಈ ಎರರ್ ಅದೇ ಜಾತಿಯದು.

ಈ ಎರಡೂ ನಿಯಮಗಳು ಹಿಡಿಯದ ಒಂದು ಪ್ರಕರಣವಿದೆ. ಲೈಬ್ರರಿಯ ಐಡಿಯೇ ಬದಲಾದರೆ ಮೇವನ್‌ಗೆ ಅವು ಎರಡು ಬೇರೆ ಲೈಬ್ರರಿಗಳು. ಗೂಢಲಿಪಿ ಲೈಬ್ರರಿ ಬೌನ್ಸಿ ಕ್ಯಾಸಲ್‌ನ ಜೆಡಿಕೆ15ಆನ್, ಜೆಡಿಕೆ18ಆನ್ ಜಾರ್‌ಗಳು ಹಾಗೆಯೇ: ಒಳಗಿನ ಕ್ಲಾಸ್ ಹೆಸರುಗಳು ಒಂದೇ, ಎರಡೂ ಒಟ್ಟಿಗೆ ಕ್ಲಾಸ್‌ಪಾತ್‌ಗೆ ಬರುತ್ತವೆ, ಯಾವುದು ಮೊದಲು ಸಿಕ್ಕಿತೋ ಅದು ಲೋಡ್ ಆಗುತ್ತದೆ. ಇಲ್ಲಿ ಮಾತ್ರ ಹಳೆಯದಕ್ಕೆ ಎಕ್ಸ್‌ಕ್ಲೂಷನ್ ಹಾಕುವುದೇ ಸರಿ. ಜೊತೆಗೆ ಎಕ್ಸ್‌ಟ್ರಾ ಎನ್‌ಫೋರ್ಸರ್ ರೂಲ್ಸ್‌ನ ಬ್ಯಾನ್ ಡುಪ್ಲಿಕೇಟ್ ಕ್ಲಾಸಸ್ ನಿಯಮವನ್ನೂ ಸೇರಿಸಿ.