ಎನ್‌ಬಿ ಅಳತೆಯನ್ನು ಇನ್ನು ತರಿಸಬೇಡಿ: ಡೈಪರ್, ವೈಪ್ಸ್ ಕೂಡಿಡುವವರಿಗೆ ನನ್ನ ಅನುಭವ

‘ಏಳನೆಯ ತಿಂಗಳು ನಡೆಯುತ್ತಿದೆ, ಆಷಾಢದಲ್ಲಿ ಹೆರಿಗೆಯ ದಿನ ಕೊಟ್ಟಿದ್ದಾರೆ, ರಿಯಾಯಿತಿ ಇದ್ದುದರಿಂದ ಎನ್‌ಬಿ (ನ್ಯೂಬಾರ್ನ್, ಅಂದರೆ ಆಗತಾನೇ ಹುಟ್ಟಿದ ಮಗುವಿನ) ಅಳತೆಯ ಆರು ದೊಡ್ಡ ಪ್ಯಾಕ್ ಡೈಪರ್ ಮತ್ತು ಇಪ್ಪತ್ನಾಲ್ಕು ಪ್ಯಾಕ್ ವೈಪ್ಸ್ ತರಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ, ಇನ್ನೂ ನಾಲ್ಕು ಪ್ಯಾಕ್ ತರಿಸಲೇ’ ಎಂದು ನೀವು ಕೇಳಿದ್ದೀರಿ. ಬೇಡ ತಂಗಿ, ದಯವಿಟ್ಟು ತರಿಸಬೇಡಿ. ‘ಮಳೆಗಾಲವಲ್ಲವೇ, ಇರಲಿ’ ಎಂದು ನಿಮ್ಮ ಪ್ರಶ್ನೆಯ ಕೆಳಗೆ ಕೆಲವರು ಹೇಳಿರುವುದನ್ನೂ ಓದಿದೆ. ಮಳೆಗಾಲವೆಂಬ ಕಾರಣಕ್ಕೇ ಬೇಡ ಎನ್ನುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದೆ ಮಲೆನಾಡಿನ ಸಾಗರ ಪೇಟೆಯ ಹತ್ತಿರದ ತವರುಮನೆಯಲ್ಲಿ ನನ್ನ ಮೊದಲ ಬಾಣಂತನ ನಡೆಯಿತು. ಸೀಮಂತ ಮುಗಿದ ವಾರವೇ ನಾನು 72 ಡೈಪರ್‌ಗಳ ಏಳು ಎನ್‌ಬಿ ಪ್ಯಾಕ್ ತರಿಸಿದ್ದೆ, ಅಂದರೆ ಐನೂರಕ್ಕೂ ಹೆಚ್ಚು. ದಿನಕ್ಕೆ ಹತ್ತು ಬೇಕಾಗುತ್ತದೆ, ಐವತ್ತು ದಿನಕ್ಕೆ ಸರಿಹೋಗುತ್ತದೆ ಎಂಬುದು ನನ್ನ ಲೆಕ್ಕ. ಮಗು ಐವತ್ತು ದಿನವೂ ಒಂದೇ ಗಾತ್ರದಲ್ಲಿ ಇರುವುದಿಲ್ಲ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಮಗಳು ಹುಟ್ಟಿದಾಗ 3 ಕೆ.ಜಿ. 300 ಗ್ರಾಂ ಇದ್ದಳು. ಎಲ್ಲ ಮಕ್ಕಳಂತೆ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು, ಹನ್ನೆರಡನೆಯ ದಿನದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳಿ, ಅಲ್ಲಿಂದ ದಿನಕ್ಕೆ ಸುಮಾರು 30 ಗ್ರಾಂನಂತೆ ಏರತೊಡಗಿತು. ಮೂವತ್ತೆಂಟನೆಯ ದಿನ ಬೆಳಿಗ್ಗೆ ಎಣ್ಣೆನೀರಿಗೆಂದು ಡೈಪರ್ ಬಿಚ್ಚಿದಾಗ ಎರಡೂ ತೊಡೆಯ ಬುಡದಲ್ಲಿ ದಾರ ಬಿಗಿದು ಕಟ್ಟಿದಂತೆ ಕೆಂಪು ಗೀರು, ಅದರ ಮೇಲೆ ಸುಕ್ಕು ಪಟ್ಟಿಯ ಅಚ್ಚು ಹಲ್ಲುಹಲ್ಲಾಗಿ ಮೂಡಿತ್ತು. ಪ್ಯಾಕ್ ಮೇಲೆ 5 ಕೆ.ಜಿ.ವರೆಗೆ ಎಂದೇ ಬರೆದಿತ್ತು, ಮಗು ಆಗ ನಾಲ್ಕು ಕೆ.ಜಿ.ಯನ್ನು ಆಗಷ್ಟೇ ದಾಟಿತ್ತು. ತೂಕ ಹೊಂದಿದರೂ ತೊಡೆ ಹೊಂದಬೇಕೆಂದಿಲ್ಲ. ಅಂದು ನನ್ನ ಬಳಿ ನಾಲ್ಕು ಪ್ಯಾಕ್ ಒಡೆಯದೆಯೇ ಉಳಿದಿದ್ದವು. ಮರಳಿಸುವ ಅವಧಿ ಮುಗಿದು ಬಹಳ ದಿನವಾಗಿದ್ದರಿಂದ ಮಾರಿದವರು ತೆಗೆದುಕೊಳ್ಳಲಿಲ್ಲ.

ಇನ್ನು ಅವುಗಳನ್ನು ಯಾರಿಗಾದರೂ ಕೊಡೋಣವೆಂದರೆ ಅದಕ್ಕೂ ಆಗಲಿಲ್ಲ. ನಾನು ರಟ್ಟಿನ ಪೆಟ್ಟಿಗೆಗಳನ್ನು ಮಂಚದ ಕೆಳಗೆ, ಗೋಡೆಗೆ ತಾಗಿಸಿ, ನೆಲದ ಮೇಲೆಯೇ ಇಟ್ಟಿದ್ದೆ. ಜುಲೈ ತಿಂಗಳಿನ ನಮ್ಮ ಕಡೆಯ ಗೋಡೆ ಒಸರುವುದು ನಿಮಗೆ ತಿಳಿದೇ ಇದೆ. ಕೆಳಗಿನ ಪೆಟ್ಟಿಗೆಯನ್ನು ಎಳೆದಾಗ ತಳ ಮೆತ್ತಗಾಗಿ ಕೈಗೇ ಬಂತು. ಒಳಗಿನ ಪ್ಯಾಕ್‌ಗಳ ಹೊಲಿಗೆಯಂಚಿನಲ್ಲಿ ಬೂದಿಬಣ್ಣದ ಬೂಷ್ಟು ಹಿಡಿದಿತ್ತು, ಹಳೆಯ ಗೋಣಿಯಂಥ ವಾಸನೆ ಬರುತ್ತಿತ್ತು. ಆ ವಾಸನೆಯ ಡೈಪರನ್ನು ಒಂದು ತಿಂಗಳ ಕೂಸಿಗೆ ತೊಡಿಸಲು ನಾನು ಯಾರಿಗೂ ಹೇಳಲಾರೆ. ಎಲ್ಲವನ್ನೂ ಎಸೆಯಬೇಕಾಯಿತು. ನೀವು ಅಟ್ಟದಲ್ಲಿ ಇಟ್ಟಿದ್ದೀರಿ. ಹೆಂಚಿನ ಮನೆಯಾದರೆ ಇಲಿಯ ಕಡೆಗೆ ಮೊದಲು ನೋಡಿ, ಡೈಪರಿನೊಳಗಿನ ಹತ್ತಿಯಂಥ ಪದರವನ್ನು ಗೂಡಿಗೆಂದು ಎಳೆದೊಯ್ಯುತ್ತವೆ. ಅಡುಗೆಮನೆಯ ಮೇಲಿನ ಅಟ್ಟವಾದರೆ ಹೊಗೆ ಹಿಡಿಯುತ್ತದೆ. ಇವತ್ತೇ ಕೆಳಗಿಳಿಸಿ, ರಟ್ಟಿನ ಪೆಟ್ಟಿಗೆ ಬಿಸಾಡಿ, ಮುಚ್ಚಳವಿರುವ ಡಬ್ಬಿ ಅಥವಾ ಟ್ರಂಕಿನಲ್ಲಿ, ಗೋಡೆಯಿಂದ ಒಂದು ಗೇಣು ದೂರಕ್ಕೆ, ಮಣೆಯ ಮೇಲೆ ಇಡಿ. ಮರಳಿಸುವ ಅವಧಿ ಇನ್ನೂ ಇದ್ದರೆ ಆರರಲ್ಲಿ ನಾಲ್ಕನ್ನು ಹಿಂದಕ್ಕೆ ಕಳುಹಿಸಿ.

ಎಷ್ಟು ಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಎರಡು ವಾರಕ್ಕಾಗುವಷ್ಟು ಮಾತ್ರ ಎನ್‌ಬಿ ಇಟ್ಟುಕೊಳ್ಳಿ, ಮುಂದಿನದನ್ನು ಮಗುವನ್ನು ತೂಗಿ ನೋಡಿ ಕೊಳ್ಳಿ. ಹಗಲು ಲಂಗೋಟಿ, ರಾತ್ರಿ ಮತ್ತು ಆಸ್ಪತ್ರೆಗೆ ಡೈಪರ್ ಎಂದುಕೊಂಡರೆ ಎರಡು ವಾರಕ್ಕೆ ಅರುವತ್ತು ಎಪ್ಪತ್ತು ಸಾಕು, ಇಡೀ ದಿನ ಡೈಪರ್ ಎಂದರೂ ನೂರನಲವತ್ತರ ಆಸುಪಾಸು ಸಾಕು. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬಂದು ಮಗುವನ್ನು ತೂಗುತ್ತಾರೆ. ಆ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ, ಅದನ್ನು ನೋಡಿಕೊಂಡು ಮುಂದಿನ ಅಳತೆ ತರಿಸಿ. ಎಸ್ ಅಳತೆ 4ರಿಂದ 8 ಕೆ.ಜಿ.ಗೆ ಬರುತ್ತದೆ, ಹಾಗಾಗಿ 4 ಕೆ.ಜಿ. ಸಮೀಪಿಸುತ್ತಿದ್ದಂತೆ ಒಂದು ಚಿಕ್ಕ ಎಸ್ ಪ್ಯಾಕ್ ತಂದು ನೋಡಬಹುದು. ಮಗು ಎರಡೂಕಾಲು ಕೆ.ಜಿ.ಗೆ ಹುಟ್ಟಿದರೆ ಎನ್‌ಬಿ ಕೂಡ ಸಡಿಲವಾಗಿ ಬದಿಯಿಂದ ಸೋರುತ್ತದೆ, ಅಂಥ ಮಗುವಿಗೆ ಆರಂಭದಲ್ಲಿ ಬಟ್ಟೆಯೇ ಸರಿ. ಮೂರೂಮುಕ್ಕಾಲು ಕೆ.ಜಿ.ಗೆ ಹುಟ್ಟಿದರೆ ಎನ್‌ಬಿ ಮೂರು ವಾರವೂ ಬಾಳುವುದಿಲ್ಲ. ನಿಮ್ಮ ಮಗು ಯಾವ ತೂಕಕ್ಕೆ ಹುಟ್ಟುತ್ತದೆ ಎಂಬುದನ್ನು ಸ್ಕ್ಯಾನಿಂಗ್ ವರದಿ ಅಂದಾಜಿನಲ್ಲಷ್ಟೇ ಹೇಳುತ್ತದೆ. ಅದನ್ನು ನಂಬಿ ಆರು ಪ್ಯಾಕ್ ಕೊಳ್ಳಬಾರದು.

ಲಂಗೋಟಿಯ ಮಾತು ಬಂದಾಗಲೆಲ್ಲ ಈಗಿನ ಕಾಲಕ್ಕೆ ಅದೇಕೆ ಎನ್ನುವವರಿದ್ದಾರೆ. ಮೊದಲ ವಾರದ ಮಟ್ಟಿಗೆ ಅದು ಬೇಕೇಬೇಕು ಎಂದು ನಾನು ಹಟದಿಂದ ಹೇಳುತ್ತೇನೆ, ಕಾರಣ ಹಾಲಿನ ಲೆಕ್ಕ. ಮಗುವಿಗೆ ಎದೆಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಬಾಣಂತಿಗೆ ಇರುವ ನೇರವಾದ ದಾರಿ ಉಚ್ಚೆಯನ್ನು ಎಣಿಸುವುದು. ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು, ಮೂರನೆಯ ದಿನ ಮೂರು, ಹೀಗೆ ಏರುತ್ತಾ ಐದಾರು ದಿನ ಕಳೆದ ಮೇಲೆ ಇಪ್ಪತ್ನಾಲ್ಕು ಗಂಟೆಯಲ್ಲಿ ಕನಿಷ್ಠ ಆರು ಸಲವಾದರೂ ಆಗಬೇಕು. ಲಂಗೋಟಿ ಒದ್ದೆಯಾದರೆ ಮುಟ್ಟಿದ ಕೂಡಲೇ ತಿಳಿಯುತ್ತದೆ. ಡೈಪರಿನೊಳಗಿನ ಹೀರುವ ಹರಳು ಅಷ್ಟು ಸಣ್ಣ ಪ್ರಮಾಣದ ಉಚ್ಚೆಯನ್ನು ಎಳೆದುಕೊಂಡು ಮೇಲ್ಮೈಯನ್ನು ಒಣಗಿದಂತೆಯೇ ಇಡುತ್ತದೆ, ಎರಡು ಸಲವಾಯಿತೋ ಮೂರು ಸಲವಾಯಿತೋ ತಿಳಿಯುವುದಿಲ್ಲ. ಹೊರಗಿನ ಹಳದಿ ಗೆರೆ ಬಣ್ಣ ತಿರುಗುವುದು ಒದ್ದೆಯಾಗಿದೆ ಎಂದು ಹೇಳುತ್ತದೆಯೇ ಹೊರತು ಎಷ್ಟು ಸಲ ಎಂದು ಹೇಳುವುದಿಲ್ಲ. ನನ್ನ ಮಗಳಿಗೆ ನಾಲ್ಕನೆಯ ದಿನ ಲಂಗೋಟಿಯ ಮೇಲೆ ಇಟ್ಟಿಗೆ ಪುಡಿಯಂಥ ಕಿತ್ತಳೆ ಕಲೆ ಕಂಡು ನಾವೆಲ್ಲ ರಕ್ತವೆಂದು ಹೆದರಿದೆವು. ಮಕ್ಕಳ ವೈದ್ಯರು ನೋಡಿ, ಅದು ಯೂರಿಕ್ ಆಮ್ಲದ ಹರಳು, ಹಾಲು ಇನ್ನಷ್ಟು ಹೋಗಬೇಕು, ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಿ ಎಂದರು. ಬಿಳಿ ಬಟ್ಟೆಯ ಮೇಲೆ ಅದು ಎದ್ದು ಕಾಣಿಸಿದ್ದರಿಂದಲೇ ನಮಗೆ ತಿಳಿಯಿತು.

ಹಳೆಯ ಮಲ್‌ ಪಂಚೆ ಅಥವಾ ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯಿಂದ ಮೂವತ್ತು ಲಂಗೋಟಿ ಮಾಡಿಡಿ. ಜರಿಯಂಚು, ಪಾಲಿಯೆಸ್ಟರ್ ಬೆರೆತ ಸೀರೆ ಬೇಡ. ಮಳೆಗಾಲದಲ್ಲಿ ಮೂವತ್ತೂ ಸಾಲದು ಎನಿಸಬಹುದು, ಆದರೆ ತೆಳುವಾದ ಒಂದೇ ಪದರದ ಬಟ್ಟೆ ಬಚ್ಚಲು ಒಲೆಯ ಮೇಲಿನ ತಂತಿಯಲ್ಲಿ ಒಂದು ರಾತ್ರಿಗೆ ಒಣಗುತ್ತದೆ, ಬೆಳಿಗ್ಗೆ ಇಸ್ತ್ರಿ ಹಾಕಿದರೆ ಉಳಿದ ತೇವವೂ ಮುಗ್ಗು ವಾಸನೆಯೂ ಹೋಗುತ್ತದೆ. ಹೊಗೆ ತಾಗದಂತೆ ತಂತಿಯನ್ನು ಒಲೆಯ ಬಾಯಿಯಿಂದ ದೂರಕ್ಕೆ ಕಟ್ಟಿ. ಈಚೆಗೆ ಎಲ್ಲರೂ ಕೊಳ್ಳುತ್ತಿರುವ ಗುಂಡಿಯುಳ್ಳ ಬಟ್ಟೆ ಡೈಪರ್‌ಗಳು ಬೇಸಿಗೆಗೆ ಒಳ್ಳೆಯವು, ಆದರೆ ಅದರೊಳಗಿನ ದಪ್ಪ ಪ್ಯಾಡ್ ಮಲೆನಾಡಿನ ಜುಲೈಯಲ್ಲಿ ಎರಡು ದಿನಕ್ಕೂ ಒಣಗುವುದಿಲ್ಲ. ಅದನ್ನು ಕೊಂಡಿದ್ದರೆ ಮೊದಲು ಮೂರ್ನಾಲ್ಕು ಸಲ ಬರಿದೇ ಒಗೆದು ಒಣಗಿಸಿ, ಆಗಲೇ ಪ್ಯಾಡ್ ಸರಿಯಾಗಿ ಹೀರತೊಡಗುತ್ತದೆ. ಬಟ್ಟೆ ಮೃದುವಾಗಲೆಂದು ಹಾಕುವ ಸುವಾಸನೆಯ ದ್ರವವನ್ನು ಹಾಕಬಾರದು, ಅದು ಹೀರುವ ಗುಣವನ್ನು ಕೆಡಿಸುತ್ತದೆ. ಕೊನೆಯ ನೀರಿಗೆ ಡೆಟಾಲ್ ಸುರಿಯುವ ಅಭ್ಯಾಸವನ್ನೂ ಬಿಡಿ. ಸೋಪು ಹೋಗುವಂತೆ ಮೂರು ನೀರು ಜಾಲಾಡಿದರೆ ಸಾಕು.

ಈಗ ವೈಪ್ಸ್. ಇಪ್ಪತ್ನಾಲ್ಕು ಪ್ಯಾಕ್ ಎಂದು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ವೈಪ್ಸ್ ಎಂದರೆ ಬಹುಪಾಲು ನೀರು, ಆ ನೀರು ಕೆಡದಂತೆ ಸಂರಕ್ಷಕ ಸೇರಿಸಿರುತ್ತಾರೆ, ಜೊತೆಗೆ ಕೆಲವದರಲ್ಲಿ ಸುಗಂಧ. ನಾನು ಕೂಡಿಟ್ಟಿದ್ದು ಸುಗಂಧವಿದ್ದದ್ದೇ, ಮೊದಲು ಒಂದನ್ನು ಪರೀಕ್ಷಿಸದೆ ಹನ್ನೆರಡು ಪ್ಯಾಕ್ ತರಿಸಿದ್ದೆ. ಎರಡನೆಯ ವಾರದಲ್ಲಿ ಮಗುವಿನ ಕುಂಡೆಯ ಚರ್ಮ ಬಿಸಿಯಾಗಿ, ಒರೆಸಿದಾಗಲೆಲ್ಲ ಕೂಸು ಕಾಲು ಮಡಚಿ ಚೀರತೊಡಗಿತು. ನನ್ನ ತಾಯಿ ವೈಪ್ಸ್ ತೆಗೆದಿಟ್ಟು, ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಬಟ್ಟೆಯಿಂದ ಒತ್ತಿ ಒಣಗಿಸಿದರು, ನಾಲ್ಕು ದಿನಕ್ಕೆ ಚರ್ಮ ಎಂದಿನಂತಾಯಿತು. ನೀವು ತರಿಸಿರುವ ಪ್ಯಾಕ್ ಹಿಂಬದಿಯನ್ನು ಓದಿ. ಸುಗಂಧ ಎಂದಿದ್ದರೆ, ಅಥವಾ ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಉದ್ದ ಹೆಸರಿನ ಸಂರಕ್ಷಕ ಇದ್ದರೆ ಮಗುವಿಗೆ ಬೇಡ. ಮೈಮೇಲೆ ಹಚ್ಚಿ ತೊಳೆಯದೆ ಬಿಡುವ ಪದಾರ್ಥಗಳಲ್ಲಿ ಅದನ್ನು ಯುರೋಪಿಯನ್ ಒಕ್ಕೂಟ 2017ರಿಂದ ನಿಷೇಧಿಸಿದೆ, ಏಕೆಂದರೆ ಅದು ಚರ್ಮಕ್ಕೆ ಅಲರ್ಜಿ ತರುತ್ತದೆ. ತಯಾರಾದ ತಿಂಗಳನ್ನೂ ನೋಡಿ, ಭಾರಿ ರಿಯಾಯಿತಿಯಲ್ಲಿ ಬರುವ ಪ್ಯಾಕ್‌ಗಳು ಎಷ್ಟೋ ಸಲ ಅವಧಿ ಮುಗಿಯುವುದಕ್ಕೆ ಹತ್ತಿರವಾದವು. ಆಸ್ಪತ್ರೆಗೆ ಒಂದು, ಲಸಿಕೆ ಹಾಕಿಸಲು ಹೋಗುವಾಗ ಚೀಲದಲ್ಲೊಂದು, ಮನೆಯಲ್ಲೊಂದು, ಒಟ್ಟು ಮೂರು ಪ್ಯಾಕ್ ಇದ್ದರೆ ಮೊದಲ ಎರಡು ತಿಂಗಳು ಕಳೆಯುತ್ತದೆ. ಮನೆಯಲ್ಲಿ ನೀರೇ ಮೇಲು. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಹಿಂದಿನಿಂದ ಮುಂದಕ್ಕೆ ಎಂದಿಗೂ ಕೂಡದು.

ಮೊದಲ ಎರಡು ಮೂರು ದಿನದ ಕಪ್ಪು ಮಲ ಡಾಂಬರಿನಂತೆ ಅಂಟಿಕೊಳ್ಳುತ್ತದೆ, ಅದನ್ನು ವೈಪ್ಸ್‌ನಿಂದ ಉಜ್ಜಲು ಹೋಗಿ ಚರ್ಮ ಕೆಂಪಾಗಿಸಬೇಡಿ. ಒರೆಸಿ ಒಣಗಿಸಿದ ಚರ್ಮಕ್ಕೆ ಮೊದಲೇ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದ್ದರೆ ಅದು ಸುಲಭವಾಗಿ ಜಾರಿ ಬರುತ್ತದೆ. ಪೌಡರ್ ಹಾಕಬೇಡಿ, ಅದರ ಧೂಳು ಮಗುವಿನ ಉಸಿರಿನೊಂದಿಗೆ ಒಳಗೆ ಹೋಗುತ್ತದೆ. ಕೆಂಪಾದರೆ ಜಿಂಕ್ ಆಕ್ಸೈಡ್ ಇರುವ ಕ್ರೀಮನ್ನು ದಪ್ಪಗೆ ಹಚ್ಚಿ, ದಿನಕ್ಕೆರಡು ಸಲ ಅರ್ಧ ಗಂಟೆ ಬಿಚ್ಚಿ ಮಲಗಿಸಿ. ಮೂರು ದಿನಕ್ಕೂ ಕಡಿಮೆಯಾಗದಿದ್ದರೆ, ತೊಡೆಸಂದಿಯಲ್ಲಿ ಗಾಢ ಕೆಂಪಾಗಿ ಸುತ್ತ ಚುಕ್ಕೆಚುಕ್ಕೆಯಾಗಿ ಹರಡಿದ್ದರೆ, ಅದು ಶಿಲೀಂಧ್ರದ ಸೋಂಕಾಗಿರಬಹುದು, ವೈದ್ಯರಿಗೆ ತೋರಿಸಿ. ಅಂಗಡಿಯವರು ಕೊಟ್ಟ ಸ್ಟೀರಾಯ್ಡ್ ಬೆರೆತ ಟ್ಯೂಬನ್ನು ನೀವಾಗಿಯೇ ಹಚ್ಚಬೇಡಿ.

ಯಾವ ಬ್ರ್ಯಾಂಡ್ ಎಂದೂ ಕೇಳಿದ್ದೀರಿ. ಹೊಕ್ಕುಳ ಬಳ್ಳಿ ಉದುರುವವರೆಗೆ, ಅಂದರೆ ಸುಮಾರು ಎರಡು ವಾರ, ಬದಿಯಲ್ಲಿ ಅಂಟಿಸುವ ಟೇಪ್ ಮಾದರಿಯೇ ನನಗೆ ಹಿಡಿಸಿತು, ಮೇಲಂಚನ್ನು ಹೊಕ್ಕುಳ ಕೆಳಗೆ ಮಡಚಬಹುದು, ಕೂಸು ಮಲಗಿದ್ದಂತೆಯೇ, ಕಾಲು ತೂರಿಸದೆ ಬದಲಿಸಬಹುದು. ಪ್ಯಾಂಟ್ ಮಾದರಿಯಲ್ಲಿ ಮಾಮಿಪೋಕೊ ರಾತ್ರಿಗೆ ನಮಗೆ ಚೆನ್ನಾಗಿ ಒದಗಿತು, ಪ್ಯಾಂಪರ್ಸ್ ಸೊಂಟಕ್ಕೆ ಮೆತ್ತಗೆನಿಸಿತು, ನನ್ನ ತಂಗಿಯ ಮಗನಿಗೆ ಹಗ್ಗೀಸ್ ಸರಿಹೋಯಿತು. ಮಗುವಿನ ತೊಡೆ ಒಂದೊಂದು ಬಗೆ ಇರುವುದರಿಂದ ಮೊದಲು ಚಿಕ್ಕ ಪ್ಯಾಕ್ ತಂದು ಎರಡು ದಿನ ಹಾಕಿ ನೋಡದೆ ದೊಡ್ಡದನ್ನು ಕೊಳ್ಳಬಾರದು. ಪ್ಯಾಂಟ್ ಮಾದರಿಯಲ್ಲಿ ಮಲವಾದರೆ ಕಾಲಿನಿಂದ ಎಳೆಯದೆ ಎರಡೂ ಬದಿಯ ಹೊಲಿಗೆ ಹರಿದು ತೆಗೆಯಿರಿ. ಬೆಲೆಯನ್ನು ಪ್ಯಾಕಿಗೆ ನೋಡದೆ ಒಂದು ಡೈಪರಿಗೆ ಎಷ್ಟೆಂದು ಭಾಗಿಸಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಹಳೆಯ ಬೆಲೆಯ ಮೇಲೆ ತೋರಿಸುವ ರಿಯಾಯಿತಿಯನ್ನು ದೊಡ್ಡದೆಂದು ತಿಳಿಯಬೇಡಿ.

ಬಳಸಿದ್ದನ್ನು ಏನು ಮಾಡುವುದೆಂದು ಯಾರೂ ಕೇಳುವುದಿಲ್ಲ, ಅದಕ್ಕಾಗಿ ನಾನೇ ಹೇಳುತ್ತೇನೆ. ಬಚ್ಚಲು ಒಲೆಗೆ ಹಾಕಬೇಡಿ, ಅದರ ಬಹುಭಾಗ ಪ್ಲಾಸ್ಟಿಕ್, ಆ ಹೊಗೆ ಬಾಣಂತಿಯ ಕೋಣೆಗೇ ಬರುತ್ತದೆ. ತೋಟದಲ್ಲಿ ಹೂಳಿದರೆ ಕೊಳೆಯುವುದಿಲ್ಲ, ನಾಯಿ ಕೆದರಿ ಅಂಗಳಕ್ಕೆ ತರುತ್ತದೆ. ಹಳ್ಳಕ್ಕೆ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕೆಳಗಿನ ಮನೆಯವರು ಅದೇ ನೀರಿನಲ್ಲಿ ದನ ಮೀಯಿಸುತ್ತಾರೆ. ವೈಪ್ಸನ್ನು ಶೌಚಾಲಯಕ್ಕೆ ಹಾಕಿದರೆ ಪೈಪು ಕಟ್ಟುತ್ತದೆ. ಮಲವನ್ನು ಶೌಚಾಲಯಕ್ಕೆ ಸುರಿದು, ಡೈಪರ್ ಮಡಚಿ ಟೇಪು ಅಂಟಿಸಿ, ಪತ್ರಿಕೆಯ ಕಾಗದದಲ್ಲಿ ಸುತ್ತಿ, ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಬೆಂಗಳೂರಿನವರು ಕೆಂಪು ಬುಟ್ಟಿಗೆ ಹಾಕುತ್ತಾರಲ್ಲ, ಅದೇ ಕ್ರಮ.

ಮಾಡಬೇಕಾದ ಮೊದಲ ಕೆಲಸ ಅಟ್ಟದಿಂದ ಪೆಟ್ಟಿಗೆ ಇಳಿಸುವುದು. ಎನ್‌ಬಿ ಒಂದು ಪ್ಯಾಕನ್ನು ಮಾತ್ರ ಆಸ್ಪತ್ರೆಯ ಚೀಲಕ್ಕೆ ಹಾಕಿ, ಉಳಿದವನ್ನು ಒಡೆಯಬೇಡಿ, ಬಿಲ್ಲನ್ನು ಜೋಪಾನ ಮಾಡಿ. ಮರಳಿಸಲು ಆಗದೇ ಹೋದರೆ ನಿಮ್ಮೂರಿನ ಮೆಡಿಕಲ್ ಅಂಗಡಿಯವರನ್ನು ಕೇಳಿ ನೋಡಿ, ನಮ್ಮ ಪೇಟೆಯಲ್ಲಿ ಪರಿಚಯದವರು ಒಡೆಯದ ಪ್ಯಾಕನ್ನು ಎಸ್ ಅಳತೆಗೆ ಬದಲಿಸಿ ಕೊಟ್ಟದ್ದುಂಟು.