ಬಾವಿಯ ಸುತ್ತಲಿನ ಒಂದು ಮೊಳ ಕಲ್ಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಅಣ್ಣ ರಾಜಸ್ಥಾನದ ಒಂದು ತೈಲಕ್ಷೇತ್ರದಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಅಕ್ಕಪಕ್ಕದ ಎರಡು ಬಾವಿಗಳಲ್ಲಿ ಒಂದು ಕೊಡುವ ಎಣ್ಣೆಯ ಮೂರನೇ ಒಂದು ಪಾಲಿನಷ್ಟನ್ನು ಮಾತ್ರ ಇನ್ನೊಂದು ಕೊಡುತ್ತಿದೆ, ಅದರ ‘ಸ್ಕಿನ್’ ಹದಿನಾಲ್ಕು ದಾಟಿದೆ ಎಂದು ಹೇಳಿದ. ಈ ಸ್ಕಿನ್ ಎಂದರೇನು?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಬಾವಿಯ ತೀರಾ ಹತ್ತಿರದಲ್ಲಿ ಎಣ್ಣೆಯ ಹರಿವಿಗೆ ಎಷ್ಟು ಹೆಚ್ಚುವರಿ ಅಡ್ಡಿ ಇದೆ ಎಂದು ಹೇಳುವ ಅಂಕಿಯೇ ಸ್ಕಿನ್. ಎಣ್ಣೆಯು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಂಡಿದ್ದು, ಒತ್ತಡದ ವ್ಯತ್ಯಾಸದಿಂದ ನಾಲ್ಕೂ ದಿಕ್ಕಿನಿಂದ ಬಾವಿಯತ್ತ ನುಸುಳಿ ಬರುತ್ತದೆ. ಬಾವಿಗೆ ಹತ್ತಿರವಾದಷ್ಟೂ ಅಷ್ಟೇ ಎಣ್ಣೆ ಕಿರಿದಾದ ಜಾಗದಲ್ಲಿ ಹಾಯಬೇಕಾಗುವುದರಿಂದ, ಒತ್ತಡದ ದೊಡ್ಡ ಪಾಲು ಕೊನೆಯ ಕೆಲವೇ ಮೀಟರುಗಳಲ್ಲಿ ಕರಗಿಹೋಗುತ್ತದೆ. ಬಾವಿಯ ತ್ರಿಜ್ಯ 10 ಸೆಂಟಿಮೀಟರ್, ಅದಕ್ಕೆ ಎಣ್ಣೆ ಒದಗಿಸುವ ಪ್ರದೇಶದ ತ್ರಿಜ್ಯ 300 ಮೀಟರ್ ಎಂದಿಟ್ಟುಕೊಳ್ಳಿ. 1856ರಲ್ಲಿ ಹೆನ್ರಿ ಡಾರ್ಸಿ ಮರಳಿನ ಮೂಲಕ ನೀರು ಹರಿಸಿ ಕಂಡುಕೊಂಡ ನಿಯಮವನ್ನು ಇಲ್ಲಿಗೆ ಅನ್ವಯಿಸಿದರೆ, ಒಟ್ಟು ಒತ್ತಡ ನಷ್ಟದ ಅರ್ಧದಷ್ಟು ಬಾವಿಯ ಕೇಂದ್ರದಿಂದ ಐದೂವರೆ ಮೀಟರಿನ ಒಳಗೇ ಆಗುತ್ತದೆ. ಐದನೇ ಒಂದು ಭಾಗವಂತೂ ಬಾವಿಯ ಗೋಡೆಗೆ ತಗುಲಿದ 40 ಸೆಂಟಿಮೀಟರಿನಲ್ಲಿ, ಎಂದರೆ ಒಂದು ಮೊಳಕ್ಕೂ ಕಡಿಮೆ ದಪ್ಪದ ಕಲ್ಲಿನಲ್ಲಿ ಆಗುತ್ತದೆ. ಇದು ಕಲ್ಲಿಗೆ ರಂಧ್ರಗಳು ಮುಚ್ಚಿಹೋಗುವಂಥ ಯಾವ ಹಾನಿಯೂ ಆಗದಿದ್ದಾಗಿನ ಲೆಕ್ಕ.

ಈಗ ಆ ಒಂದು ಮೊಳ ಕಲ್ಲಿನ ಪಾರಗಮ್ಯತೆ, ಎಂದರೆ ದ್ರವವನ್ನು ಹಾಯಗೊಡುವ ಗುಣ, ಹತ್ತನೇ ಒಂದು ಭಾಗಕ್ಕೆ ಇಳಿಯಿತು ಎನ್ನೋಣ. ಹಾಕಿನ್ಸ್ 1956ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಮೂಲ ಪಾರಗಮ್ಯತೆಯನ್ನು ಹಾನಿಗೊಂಡ ಪಾರಗಮ್ಯತೆಯಿಂದ ಭಾಗಿಸಿ, ಒಂದನ್ನು ಕಳೆದು, ಬಂದದ್ದನ್ನು ಹಾನಿಯ ತ್ರಿಜ್ಯ ಮತ್ತು ಬಾವಿಯ ತ್ರಿಜ್ಯಗಳ ಅನುಪಾತದ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿದರೆ ಸ್ಕಿನ್ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ತ್ರಿಜ್ಯಗಳು 50 ಮತ್ತು 10 ಸೆಂಟಿಮೀಟರ್ ಆದ್ದರಿಂದ ಅದು 9 ಗುಣಿಸು 1.61, ಹತ್ತಿರ ಹತ್ತಿರ 14.5. ಹಾನಿಯಿಲ್ಲದ ಬಾವಿಯ ಒಟ್ಟು ಪ್ರತಿರೋಧ ಇದೇ ಮಾನದಲ್ಲಿ 8 (300 ಮೀಟರ್ ಮತ್ತು 10 ಸೆಂಟಿಮೀಟರ್‌ಗಳ ಅನುಪಾತದ ಲಾಗರಿದಮ್). ಹಾನಿಯಾದ ಮೇಲೆ 22.5. ಅದೇ ಒತ್ತಡಕ್ಕೆ ಹರಿವು 22.5ರಲ್ಲಿ 8 ಪಾಲಿಗೆ, ಅಂದರೆ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚಿಗೆ ಇಳಿಯುತ್ತದೆ. ನಿಮ್ಮ ಅಣ್ಣ ಹೇಳಿದ ಎರಡು ಮಾತುಗಳು ಒಂದಕ್ಕೊಂದು ಸರಿಯಾಗಿಯೇ ತಾಳೆಯಾಗುತ್ತವೆ.

ಈ ಪರಿಕಲ್ಪನೆಯನ್ನು ವ್ಯಾನ್ ಎವರ್ಡಿಂಗನ್ ಮತ್ತು ಹರ್ಸ್ಟ್ 1953ರಲ್ಲಿ ಮುಂದಿಟ್ಟರು. ಬಾವಿಯನ್ನು ಕೆಲಕಾಲ ಮುಚ್ಚಿ, ತಳದಲ್ಲಿ ಒತ್ತಡ ಏರುವ ಪರಿಯನ್ನು ದಾಖಲಿಸಿ, 1951ರಲ್ಲಿ ಹಾರ್ನರ್ ತೋರಿಸಿದ ರೀತಿಯಲ್ಲಿ ನಕ್ಷೆ ಬರೆದು ಸ್ಕಿನ್ ಅನ್ನು ಅಳೆಯುತ್ತಾರೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಆ ಅಂಕಿ ನಷ್ಟ ಎಷ್ಟು ಎಂದು ಹೇಳುತ್ತದೆಯೇ ಹೊರತು ಕಾರಣ ಯಾವುದು ಎಂದು ಹೇಳುವುದಿಲ್ಲ. ಎಣ್ಣೆಯ ಪದರದ ಸ್ವಲ್ಪ ಭಾಗಕ್ಕೆ ಮಾತ್ರ ಕೊಳವೆಯಲ್ಲಿ ರಂಧ್ರ ಕೊಟ್ಟಿದ್ದರೂ ಸ್ಕಿನ್ ಏರುತ್ತದೆ. ಅನಿಲ ಬಾವಿಯಲ್ಲಿ ಹರಿವು ಜೋರಾಗಿ ಸುಳಿ ಎದ್ದರೂ ಏರುತ್ತದೆ. ಇವೆರಡರಲ್ಲೂ ಕಲ್ಲಿಗೆ ಏನೂ ಆಗಿರುವುದಿಲ್ಲ, ಆದ್ದರಿಂದ ಕಲ್ಲಿಗೆ ಕೊಡುವ ಚಿಕಿತ್ಸೆಯಿಂದ ಉಪಯೋಗವೂ ಇಲ್ಲ. ಅಣ್ಣನನ್ನು ಕೇಳಬೇಕಾದ ಮುಂದಿನ ಪ್ರಶ್ನೆ ಇದೇ: ಆ ಹದಿನಾಲ್ಕರಲ್ಲಿ ನಿಜವಾದ ಹಾನಿಯ ಪಾಲೆಷ್ಟು?

ಪ್ರಶ್ನೆ: ಎಣ್ಣೆ ಬಾವಿ ಕೊರೆಯುವಾಗ ಬೇಕೆಂದೇ ಕೆಸರು ತುಂಬಿಸುತ್ತಾರಂತೆ. ನಮ್ಮ ಕಡೆ ಬೋರ್ ಕೊರೆದ ಮೇಲೆ ಗಾಳಿ ಹೊಡೆದು ಕೆಸರನ್ನು ಹೊರಹಾಕುತ್ತೇವೆ. ಅವರೇಕೆ ಹೀಗೆ ಮಾಡುತ್ತಾರೆ?
– ರೈತ ಓದುಗರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಆ ಕೆಸರು, ಅವರ ಮಾತಿನಲ್ಲಿ ‘ಮಡ್’, ಇಲ್ಲದಿದ್ದರೆ ಬಾವಿ ಚಿಮ್ಮಿ ಅನಾಹುತವಾಗಬಹುದು. 2000 ಮೀಟರ್ ಆಳದಲ್ಲಿ ಸ್ತರದ ಸಾಮಾನ್ಯ ಒತ್ತಡ 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಆಸುಪಾಸಿನಲ್ಲಿರುತ್ತದೆ, ನೀರಿಗಿಂತ 1.2 ಪಟ್ಟು ಭಾರವಾದ ಮಡ್ ಅದೇ ಆಳದಲ್ಲಿ ಸುಮಾರು 235 ಬಾರ್ ಒತ್ತುತ್ತದೆ. ಭಾರಕ್ಕಾಗಿ ಅದರಲ್ಲಿ ಬೆರೈಟ್ ಎಂಬ ಖನಿಜದ ಪುಡಿಯನ್ನು ಬೆರೆಸುತ್ತಾರೆ. ಆಂಧ್ರದ ಮಂಗಂಪೇಟೆಯಲ್ಲಿ ಅದರ ದೊಡ್ಡ ನಿಕ್ಷೇಪವಿದೆ. ಎಣ್ಣೆಯನ್ನು ತಡೆದು ನಿಲ್ಲಿಸುವ ಆ 35 ಬಾರ್ ಹೆಚ್ಚುವರಿ ಒತ್ತಡವೇ ಮಡ್‌ನ ನೀರನ್ನೂ ಪುಡಿಯನ್ನೂ ಕಲ್ಲಿನೊಳಕ್ಕೆ ನೂಕುತ್ತದೆ. ಹೀಗೆ ಸುರಕ್ಷತೆಯ ಉಪಾಯದಲ್ಲೇ ಹಾನಿಯ ಬೀಜವಿದೆ.

ಯಾವ ಕಣ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೆ ಒಂದು ಸ್ಥೂಲ ನಿಯಮವಿದೆ. ಕಲ್ಲಿನ ರಂಧ್ರದ ಬಾಯಿಯ ಮೂರನೇ ಒಂದು ಭಾಗಕ್ಕಿಂತ ದಪ್ಪವಾದ ಕಣಗಳು ಹೊರಗೇ ಒಂದಕ್ಕೊಂದು ಆತುಕೊಂಡು ಗೋಡೆಯ ಮೇಲೆ ಪೊರೆ ಕಟ್ಟುತ್ತವೆ; ಏಳನೇ ಒಂದು ಭಾಗಕ್ಕಿಂತ ಸಣ್ಣವು ಬಹುತೇಕ ಹಾಯ್ದುಹೋಗುತ್ತವೆ; ನಡುವಿನ ಗಾತ್ರದವು ಒಳಹೊಕ್ಕು ಅಲ್ಲೇ ಜಾಮ್ ಆಗುತ್ತವೆ. ಆದ್ದರಿಂದ ಎಣ್ಣೆಯ ಪದರವನ್ನು ಕೊರೆಯುವಾಗ, ಹೊರಗೇ ಪೊರೆ ಕಟ್ಟುವಂಥ ಗಾತ್ರದ ಸುಣ್ಣಕಲ್ಲಿನ ಪುಡಿಯನ್ನು ಅಳೆದು ಬೆರೆಸುತ್ತಾರೆ; ಅದು ಆಮ್ಲದಲ್ಲಿ ಕರಗುವುದರಿಂದ ಆಮೇಲೆ ತೆಗೆಯುವುದೂ ಸುಲಭ.

ಇನ್ನು ಜೇಡಿಯ ವಿಷಯ, ಇದು ನಿಮಗೆ ಹೇಳಿಕೊಡಬೇಕಾದ್ದಲ್ಲ. ನಿಮ್ಮ ಯರಿ ಭೂಮಿ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಟ್ಟು, ಮಳೆ ಬಿದ್ದ ಕೂಡಲೇ ಉಬ್ಬಿ ಆ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುವುದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿ. ಅನೇಕ ತೈಲ ಮರಳುಗಲ್ಲುಗಳ ರಂಧ್ರಗಳಲ್ಲೂ ಇದೇ ಜೇಡಿ ಅಂಟಿಕೊಂಡಿರುತ್ತದೆ. ಉಪ್ಪು ನೀರಿನಲ್ಲಿ ಯುಗಗಳಿಂದ ಸುಮ್ಮನಿದ್ದ ಅದಕ್ಕೆ ಮಡ್‌ನಿಂದ ಸಿಹಿನೀರು ತಗುಲಿದರೆ ಅದು ಉಬ್ಬಿ ದಾರಿ ಮುಚ್ಚುತ್ತದೆ. ಕೇಯೊಲಿನೈಟ್ ಎಂಬ ಇನ್ನೊಂದು ಜೇಡಿ ಉಬ್ಬುವುದಿಲ್ಲ, ಆದರೆ ಕಿತ್ತುಬಂದು ಮುಂದಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇವನ್ನು ತಡೆಯಲು ದ್ರಾವಣಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸುವುದು ರೂಢಿ. ಎಣ್ಣೆ ಬರತೊಡಗಿದ ಮೇಲೂ ಹಾನಿ ನಿಲ್ಲುವುದಿಲ್ಲ. ಮೇಣ ಗಟ್ಟಿಯಾಗುವುದು, ಹೊಂದದ ಎರಡು ನೀರು ಸೇರಿ ಬೇರಿಯಂ ಸಲ್ಫೇಟ್ ಪದರಗಟ್ಟುವುದು ಆಮೇಲಿನ ತೊಂದರೆಗಳು.

ಪ್ರಶ್ನೆ: ನಮ್ಮೂರ ಸುಣ್ಣಕಲ್ಲಿನ ಮೇಲೆ ಆಮ್ಲ ಹಾಕಿದರೆ ನೊರೆ ಏಳುತ್ತದೆ. ಎಣ್ಣೆ ಬಾವಿಗೂ ಆಮ್ಲ ಹಾಕಿ ಸರಿಪಡಿಸುತ್ತಾರೆ ಎಂಬುದು ನಿಜವೇ?
– ಶಿಕ್ಷಕರು, ಲೋಕಾಪುರ, ಬಾಗಲಕೋಟೆ ಜಿಲ್ಲೆ

ಉತ್ತರ: ನಿಜ, ಹಳೆಯ ವಿದ್ಯೆಯೂ ಹೌದು, ಹರ್ಮನ್ ಫ್ರಾಶ್ ಅದಕ್ಕೆ 1896ರಲ್ಲೇ ಪೇಟೆಂಟ್ ಪಡೆದಿದ್ದ. ಸುಣ್ಣಕಲ್ಲಿನ ಸ್ತರಕ್ಕೆ ಸಾಮಾನ್ಯವಾಗಿ ಶೇ. 15ರ ಹೈಡ್ರೋಕ್ಲೋರಿಕ್ ಆಮ್ಲವನ್ನು, ಉಕ್ಕಿನ ಕೊಳವೆ ತುಕ್ಕು ತಿನ್ನದಂತೆ ರಕ್ಷಕ ದ್ರವ್ಯ ಬೆರೆಸಿ, ಒತ್ತಡದಿಂದ ಒಳಬಿಡುತ್ತಾರೆ. ತೀರಾ ನಿಧಾನವಾಗಿ ಬಿಟ್ಟರೆ ಆಮ್ಲವೆಲ್ಲ ಬಾವಿಯ ಗೋಡೆಯನ್ನೇ ಕರಗಿಸಿ ಮುಗಿಯುತ್ತದೆ. ತಕ್ಕ ವೇಗದಲ್ಲಿ ಬಿಟ್ಟರೆ ಹುಳು ಕೊರೆದ ಹಾಗೆ ಕವಲೊಡೆದ ಬಿಲಗಳು ಹಾನಿಯ ವಲಯವನ್ನು ದಾಟಿ ಹೋಗುತ್ತವೆ, ಆಗ ಸ್ಕಿನ್ ಸೊನ್ನೆಗಿಂತಲೂ ಕೆಳಗಿಳಿದು ಋಣಸಂಖ್ಯೆಯಾಗುತ್ತದೆ.

ಬಾದಾಮಿಯ ಬಂಡೆಗಳಂಥ ಮರಳುಗಲ್ಲಾದರೆ ಈ ಆಮ್ಲವೊಂದೇ ಸಾಲದು. ಶೇ. 12 ಹೈಡ್ರೋಕ್ಲೋರಿಕ್, ಶೇ. 3 ಹೈಡ್ರೋಫ್ಲೋರಿಕ್ ಆಮ್ಲಗಳ ಮಿಶ್ರಣ ಬಹುಕಾಲದಿಂದ ಬಳಕೆಯಲ್ಲಿದೆ. ಜೇಡಿಯನ್ನು ಕರಗಿಸುವುದು ಅದರಲ್ಲಿನ ಎರಡನೆಯದು. ಆದರೆ ಕಲ್ಲಿನಲ್ಲಿ ಸುಣ್ಣದ ಅಂಶ ಉಳಿದಿದ್ದರೆ ಅದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಗಟ್ಟಿಗೊಂಡು, ಮೊದಲಿದ್ದ ಹಾನಿಯ ಮೇಲೆ ಹೊಸ ಹಾನಿಯಾಗುತ್ತದೆ. ಆದ ಕಾರಣ ಮೊದಲು ಬರಿಯ ಹೈಡ್ರೋಕ್ಲೋರಿಕ್ ಆಮ್ಲದಿಂದ ಸುಣ್ಣವನ್ನು ತೊಳೆದು, ಆನಂತರವೇ ಮಿಶ್ರಣ ಬಿಡಬೇಕು. ಕಲ್ಲಿನ ಮಾದರಿಯನ್ನು ಪರೀಕ್ಷಿಸದೆ ಆಮ್ಲ ಹಾಕುವುದು ನನ್ನ ಮಟ್ಟಿಗೆ ಚಿಕಿತ್ಸೆಯಲ್ಲ, ಜೂಜು. ಆಮ್ಲಕ್ಕೆ ಬಗ್ಗದ ಕಡೆ ಒತ್ತಡದಿಂದ ಕಲ್ಲನ್ನೇ ಸೀಳುವ ಫ್ರ್ಯಾಕಿಂಗ್ ಇದೆ. ಅದರ ಮೊದಲ ಪ್ರಯೋಗ ನಡೆದದ್ದು 1947ರಲ್ಲಿ, ಅಮೆರಿಕದ ಕಾನ್ಸಾಸ್‌ನ ಹ್ಯೂಗೋಟನ್ ಕ್ಷೇತ್ರದಲ್ಲಿ.

ನಿಮ್ಮ ಜಿಲ್ಲೆಯಲ್ಲಿ ಎಣ್ಣೆ ಸಿಗುವುದೇ ಎಂದೂ ಕೇಳಿದ್ದೀರಿ. ಭೀಮಾ–ಕಲಾದಗಿ ಪ್ರದೇಶ ದೇಶದ 26 ಜಲಜಶಿಲಾ ಜಲಾನಯನಗಳ, ಎಂದರೆ ಮರಳು-ಕೆಸರು ಪದರಪದರವಾಗಿ ಕೂತು ಕಲ್ಲಾದ ಪ್ರದೇಶಗಳ, ಪಟ್ಟಿಯಲ್ಲಿದೆ, ಆದರೆ ಎಣ್ಣೆಯ ನಿರೀಕ್ಷೆಯಷ್ಟೇ ಇರುವ ಮೂರನೆಯ ದರ್ಜೆಯಲ್ಲಿ. ಇದುವರೆಗೆ ಎಣ್ಣೆ ದೊರೆತಿಲ್ಲ.

ಪ್ರಶ್ನೆ: ಪಕ್ಕದ ಹೊಲದ ಬೋರ್‌ನಲ್ಲಿ ಮೂರು ಇಂಚು ನೀರು, ನಮ್ಮದರಲ್ಲಿ ಒಂದು ಇಂಚು. ನಮ್ಮದಕ್ಕೂ ಸ್ಕಿನ್ ಬಂದಿರಬಹುದೇ? ಆಮ್ಲ ಹಾಕಿಸಬಹುದೇ?
– ಬಸವನ ಬಾಗೇವಾಡಿಯ ಓದುಗರು

ಉತ್ತರ: ಬಂದಿರಬಹುದು, ಆದರೆ ನಿಮ್ಮ ಕಡೆಯ ಕರಿಕಲ್ಲಿನಲ್ಲಿ ಅದು ಎರಡನೆಯ ಅನುಮಾನವಾಗಿರಬೇಕು. ಬಸಾಲ್ಟ್‌ನಲ್ಲಿ ನೀರು ಬಿರುಕುಗಳಲ್ಲಿ ಮತ್ತು ಎರಡು ಲಾವಾ ಪದರಗಳ ನಡುವಿನ ಸಡಿಲು ಜಾಗದಲ್ಲಿ ಇರುತ್ತದೆ. ನಿಮ್ಮ ಬೋರ್ ಅಂಥ ಬಿರುಕಿಗೆ ತಾಗದೆಯೇ ಇಳಿದಿರುವ ಸಂಭವ ಹೆಚ್ಚು. ಕೊರೆದಾಗ ಎದ್ದ ಹಿಟ್ಟು ನೀರಿನೊಂದಿಗೆ ಲೇಪವಾಗಿ ಸೆಲೆಯ ಬಾಯಿ ಮುಚ್ಚಿದ್ದರೆ, ಮತ್ತೊಮ್ಮೆ ಗಾಳಿ ಹೊಡೆಸಿದಾಗ ಕೆಸರು ಬಂದು ನೀರು ಏರುತ್ತದೆ. ಸ್ವಚ್ಛ ನೀರೇ ಬಂದು ಏರದಿದ್ದರೆ ಅಲ್ಲಿಗೆ ಬಿಡಿ. ಸರಿಯಾಗಿ ತಿಳಿಯಬೇಕೆಂದರೆ, ಪಂಪಿನ ವೇಗವನ್ನು ಹಂತಹಂತವಾಗಿ ಏರಿಸುತ್ತ ನೀರಿನ ಮಟ್ಟ ಎಷ್ಟೆಷ್ಟು ಇಳಿಯುತ್ತದೆ ಎಂದು ಅಳೆಯುವ ಪರೀಕ್ಷೆಯನ್ನು ಜೇಕಬ್ 1947ರಲ್ಲೇ ವಿವರಿಸಿದ್ದಾನೆ, ಅಂತರ್ಜಲ ತಜ್ಞರು ಅದನ್ನು ಮಾಡಿಕೊಡಬಲ್ಲರು. ಆಮ್ಲದ ಆಲೋಚನೆ ಬೇಡ. ಬಸಾಲ್ಟ್ ಸುಣ್ಣಕಲ್ಲಿನಂತೆ ಅದರಲ್ಲಿ ಕರಗುವುದಿಲ್ಲ, ಕೇಸಿಂಗ್ ಮತ್ತು ಮೋಟಾರು ಹಾಳಾಗುತ್ತವೆ, ಅದೇ ನೀರನ್ನು ನೀವೂ ದನಗಳೂ ಕುಡಿಯಬೇಕಾಗುತ್ತದೆ.